ಕೈ ಎತ್ತುವ ಮೊದಲು ಮೈ ಹೇಗಿರಬೇಕು?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಯ ಮನೆಗಳಲ್ಲಿ ಹೆಗಲು ಬಿಗಿದವರಿಗೋ ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವವರಿಗೋ ಆಸ್ಪತ್ರೆಯಿಂದ ವ್ಯಾಯಾಮದ ಹಾಳೆಯೊಂದು ಬರುವುದುಂಟು. ಅದು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇದ್ದರೆ, ಕನ್ನಡ ಮಾತ್ರ ಓದಬಲ್ಲ ಹಿರಿಯರು ಚಿತ್ರದ ಬಾಣದ ಗುರುತನ್ನು ನೋಡಿ ಕೈಯನ್ನೋ ಕಾಲನ್ನೋ ಎತ್ತಲು ತೊಡಗುತ್ತಾರೆ. ಮಲಗಿ ಮಾಡಬೇಕಾದುದನ್ನು ಜಗಲಿಯಲ್ಲಿ ಕುಳಿತು ಮಾಡಿದರೂ ವ್ಯಾಯಾಮ ಒಂದೇ ಎಂಬ ನಂಬಿಕೆ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಭಂಗಿ ಬದಲಾದರೆ ವ್ಯಾಯಾಮವೇ ಬದಲಾಗುತ್ತದೆ.

ಸ್ಟಾಕ್‌ಹೋಮಿನಲ್ಲಿ 1813ರಲ್ಲಿ ಅಂಗಸಾಧನೆಯ ಸಂಸ್ಥೆಯನ್ನು ಕಟ್ಟಿದ ಪೆರ್ ಹೆನ್ರಿಕ್ ಲಿಂಗ್ ಅವರ ಪರಂಪರೆಯಲ್ಲಿ ಪ್ರತಿಯೊಂದು ಚಲನೆಗೂ ಮೊದಲು ಅದರ ಆರಂಭದ ಭಂಗಿಯನ್ನು ಹೆಸರಿಸುವ ಕ್ರಮವಿತ್ತು. ನಿಲ್ಲುವುದು, ಮೊಣಕಾಲೂರುವುದು, ಕೂರುವುದು, ಮಲಗುವುದು, ಜೋತು ಬೀಳುವುದು ಎಂಬ ಐದು ಮೂಲಭಂಗಿಗಳನ್ನೂ, ಅವುಗಳಿಂದ ಹುಟ್ಟಿದ ಹಲವು ಉಪಭಂಗಿಗಳನ್ನೂ ಫಿಸಿಯೋಥೆರಪಿಯ ವಿದ್ಯಾರ್ಥಿಗಳು ಇಂದಿಗೂ ಕಲಿಯುತ್ತಾರೆ.

ಇದರ ಹಿಂದಿರುವ ಮುಖ್ಯ ಕಾರಣ ಗುರುತ್ವ. ಒಬ್ಬ ವ್ಯಕ್ತಿಯ ಒಂದು ತೋಳಿನ ತೂಕ ದೇಹತೂಕದ ಸುಮಾರು ಶೇಕಡಾ 5ರಷ್ಟಿರುತ್ತದೆ. ಅಂದರೆ 60 ಕಿಲೋ ತೂಗುವವರ ತೋಳು ಸುಮಾರು 3 ಕಿಲೋ. ಕುಳಿತು ಅಥವಾ ನಿಂತು ಈ ತೋಳನ್ನು ಪಕ್ಕಕ್ಕೆ ಎತ್ತುವಾಗ, ಅದು ನೆಲಕ್ಕೆ ಸಮಾನಾಂತರವಾದ ಘಳಿಗೆಯಲ್ಲಿ ಹೆಗಲಿನ ಸ್ನಾಯುವಿನ ಮೇಲೆ ಅತಿ ಹೆಚ್ಚು ಹೊರೆ ಬೀಳುತ್ತದೆ. ಅಡಿಕೆ ಕೊಯ್ಯುವ ದೋಟಿಯನ್ನು ನೆಟ್ಟಗೆ ಹಿಡಿದರೆ ಹಗುರ, ಅಡ್ಡಕ್ಕೆ ಹಿಡಿದರೆ ಭಾರ ಎನಿಸುವುದೂ ಇದೇ ಕಾರಣಕ್ಕೆ. ಅದೇ ವ್ಯಕ್ತಿ ಅಂಗಾತ ಮಲಗಿ ತೋಳನ್ನು ಹಾಸಿಗೆಯ ಮೇಲೆಯೇ ಪಕ್ಕಕ್ಕೆ ಜಾರಿಸಿದರೆ ಗುರುತ್ವ ಎದುರಾಗುವುದೂ ಇಲ್ಲ, ನೆರವಾಗುವುದೂ ಇಲ್ಲ. ಉಳಿಯುವುದು ಬಟ್ಟೆಯ ಘರ್ಷಣೆ ಮಾತ್ರ, ಅದನ್ನೂ ಸ್ವಲ್ಪ ಪೌಡರ್ ಉದುರಿಸಿ ತಗ್ಗಿಸಬಹುದು. ಸ್ನಾಯುಬಲವನ್ನು 0ಯಿಂದ 5ರವರೆಗೆ ಅಳೆಯುವ ಪ್ರಚಲಿತ ಕ್ರಮದಲ್ಲಿ 2ರ ಮಟ್ಟದ ಸ್ನಾಯು ಈ ಜಾರಿಸುವ ಚಲನೆಯನ್ನಷ್ಟೇ ಮಾಡಬಲ್ಲುದು. ಗುರುತ್ವವನ್ನು ಮೀರಿ ಪೂರ್ತಿ ಎತ್ತಲು 3ರ ಮಟ್ಟ ಬೇಕು. ಅಂತಹ ದುರ್ಬಲ ತೋಳನ್ನು ಕುಳಿತೇ ಎತ್ತಲು ಒತ್ತಾಯಿಸಿದಾಗ ರೋಗಿ ಹೆಗಲನ್ನು ಕಿವಿಯ ಕಡೆಗೆ ಏರಿಸಿ, ಮುಂಡವನ್ನು ಇನ್ನೊಂದು ಪಕ್ಕಕ್ಕೆ ವಾಲಿಸುತ್ತಾನೆ. ನೋಡುವವರಿಗೆ ಕೈ ಮೇಲೆದ್ದಂತೆ ಕಾಣುತ್ತದೆ, ಆದರೆ ಕೆಲಸ ಮಾಡಬೇಕಾದ ಸ್ನಾಯು ಅದರಲ್ಲಿ ಹೆಚ್ಚು ಪಾಲು ತೆಗೆದುಕೊಂಡಿರುವುದಿಲ್ಲ. ಮನೆಯವರ ಮೆಚ್ಚುಗೆಗೆ ಪಾತ್ರವಾಗುವ ಇಂತಹ ಕೈ ಎತ್ತುವಿಕೆ ನನಗೆ ನಿಜವಾಗಿಯೂ ಚಿಂತೆಯ ವಿಷಯ, ಏಕೆಂದರೆ ತಪ್ಪು ಚಲನೆಯೂ ಅಭ್ಯಾಸದಿಂದ ಗಟ್ಟಿಯಾಗುತ್ತದೆ.

ಎರಡನೆಯ ಕಾರಣ, ಚಲಿಸದ ಭಾಗವನ್ನು ಭದ್ರಪಡಿಸುವುದು. ಅಂಗಾತ ಮಲಗಿ ಒಂದು ಕಾಲನ್ನು ಮಡಚದೆ ಎತ್ತುವ ವ್ಯಾಯಾಮದಲ್ಲಿ ಕಾಲಿನ ತೂಕ ದೇಹತೂಕದ ಸುಮಾರು ಆರನೇ ಒಂದು ಭಾಗ. ಅದನ್ನು ಎತ್ತುವ ಸ್ನಾಯುಗಳಲ್ಲಿ ಒಂದು ಬೆನ್ನುಮೂಳೆಯ ಕೆಳಭಾಗದಿಂದಲೇ ಹೊರಡುವುದರಿಂದ, ಹೊಟ್ಟೆಯ ಸ್ನಾಯು ಸೋತಿದ್ದರೆ ಸೊಂಟ ಹಾಸಿಗೆ ಬಿಟ್ಟು ಕಮಾನಾಗುತ್ತದೆ. ಇನ್ನೊಂದು ಮೊಣಕಾಲನ್ನು ಮಡಚಿ ಪಾದವನ್ನು ಹಾಸಿಗೆಗೆ ಊರಿದರೆ ಸೊಂಟ ನೆಲೆಗೊಳ್ಳುತ್ತದೆ. ಇಷ್ಟು ಸಣ್ಣ ಬದಲಾವಣೆಯಿಂದಲೇ ಬೆನ್ನಿನ ಶ್ರಮ ತಗ್ಗುವುದು ಸಾಧ್ಯ.

ನಮ್ಮ ಕಡೆಯ ಬದುಕಿನಲ್ಲಿ ನೆಲದ ಮೇಲೆ ಕೂರುವುದು ಬಹಳ. ಬೀಡಿ ಕಟ್ಟುವವರು ಕಾಲು ಮಡಚಿ, ಅಡಿಕೆ ಸುಲಿಯುವವರು ತಗ್ಗಿನ ಮಣೆಯಲ್ಲಿ ಗಂಟೆಗಟ್ಟಲೆ ಕುಳಿತಿರುತ್ತಾರೆ. ಆದುದರಿಂದ ವ್ಯಾಯಾಮಕ್ಕೂ ಮಣೆಯೇ ಸಾಕು ಎನಿಸುವುದು ಸಹಜ. ಆದರೆ ತಗ್ಗಿನ ಆಸನದಲ್ಲಿ ಮೊಣಕಾಲುಗಳು ಸೊಂಟಕ್ಕಿಂತ ಮೇಲಿರುತ್ತವೆ, ತೊಡೆಸಂದು, ಅಂದರೆ ತೊಡೆ ಸೊಂಟಕ್ಕೆ ಸೇರುವ ಕೀಲು, 90 ಡಿಗ್ರಿಗಿಂತ ಹೆಚ್ಚು ಬಾಗುತ್ತದೆ. ಹಿಂಭಾಗದಿಂದ ಕೊಯ್ದು ತೊಡೆಸಂದನ್ನು ಬದಲಿಸಿದ ಶಸ್ತ್ರಚಿಕಿತ್ಸೆಯ ನಂತರದ ವಾರಗಳಲ್ಲಿ ಸಾಮಾನ್ಯವಾಗಿ ಬೇಡವೆನ್ನುವುದು ಇದನ್ನೇ, ಏಕೆಂದರೆ ಹೊಸ ಸಂದು ಜಾರುವ ಅಪಾಯವಿದೆ. ಅಂಥವರಿಗೆ ಎತ್ತರದ, ಕೈಯೂರಲು ಆಸರೆಯಿರುವ ಕುರ್ಚಿಯೇ ಸರಿ.

ಉಸಿರಾಟದ ತೊಂದರೆಯಿರುವವರನ್ನು ಚಪ್ಪಟೆಯಾಗಿ ಮಲಗಿಸಿ ಕಾಲಿನ ವ್ಯಾಯಾಮ ಮಾಡಿಸುವುದೂ ಹಿತವಲ್ಲ. ಮಲಗಿದಾಗ ಹೊಟ್ಟೆಯ ಅಂಗಗಳು ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯುವಾದ ವಪೆಯನ್ನು ಮೇಲಕ್ಕೆ ಒತ್ತುತ್ತವೆ; ತಲೆದಿಂಬುಗಳನ್ನು ಏರಿಸಿ ಅರೆ ಒರಗಿಸಿದರೆ ಆ ಒತ್ತಡ ತಗ್ಗುತ್ತದೆ. ತುಂಬು ಗರ್ಭಿಣಿಯರಿಗೆ ದೀರ್ಘಕಾಲ ಅಂಗಾತ ಮಲಗುವುದು ಬೇಡ, ಗರ್ಭಕೋಶ ಹೃದಯಕ್ಕೆ ರಕ್ತ ಮರಳಿಸುವ ದೊಡ್ಡ ಅಭಿಧಮನಿಯನ್ನು ಒತ್ತಬಹುದು.

ಬಲ ಬಂದಂತೆ ಭಂಗಿಯೂ ಮುಂದುವರಿಯಬೇಕು. ಮಲಗಿದಾಗ ದೇಹದ ಆಧಾರತಳ ವಿಶಾಲ, ದೇಹದ ತೂಕವೆಲ್ಲ ಕೂಡಿದಂತಿರುವ ಬಿಂದುವಾದ ಗುರುತ್ವಕೇಂದ್ರ ನೆಲಕ್ಕೆ ಹತ್ತಿರ. ನಿಂತಾಗ ಆಧಾರ ಎರಡು ಪಾದಗಳಷ್ಟಕ್ಕೆ ಕಿರಿದಾಗಿ, ಕೇಂದ್ರ ಸೊಂಟದ ಎತ್ತರಕ್ಕೆ ಏರುತ್ತದೆ. ಇದರಿಂದ ಅದೇ ಕೈ ಎತ್ತುವಿಕೆಗೆ ಸಮತೋಲನದ ಕೆಲಸವೂ ಸೇರಿಕೊಳ್ಳುತ್ತದೆ. ಬಹುದಿನ ಹಾಸಿಗೆ ಹಿಡಿದವರನ್ನು ಒಮ್ಮೆಲೇ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ತಲೆ ಸುತ್ತಬಹುದಾದುದರಿಂದ, ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೆಲವು ನಿಮಿಷ ಕೂರಿಸಿ, ಪಾದಗಳನ್ನು ಮೇಲಕ್ಕೂ ಕೆಳಕ್ಕೂ ಆಡಿಸಲು ಹೇಳಿ, ಮುಖ ಬಿಳಚಿಕೊಳ್ಳಲಿಲ್ಲ ಎಂದು ಕಂಡ ಮೇಲೆಯೇ ಎಬ್ಬಿಸುವುದು ಕ್ರಮ.