ಇಂಜೆಕ್ಷನ್ ಹಾಕಿಸಿದ ಜಾಗದಲ್ಲಿ ಬೆಕ್ಕಿಗೆ ಗಂಟು: ಕ್ಯಾನ್ಸರ್ ಇರಬಹುದಾ?

ಪ್ರಶ್ನೆ: ನಮ್ಮ ಬೆಕ್ಕಿಗೆ ಹೋದ ತಿಂಗಳು ರೇಬಿಸ್ ಲಸಿಕೆ ಹಾಕಿಸಿದೆವು. ಈಗ ಹೆಗಲ ನಡುವೆ ಕಡಲೆಕಾಳಿನಷ್ಟು ಗಂಟು ಕೈಗೆ ಸಿಗುತ್ತಿದೆ. ನೆಟ್‌ನಲ್ಲಿ ನೋಡಿದರೆ ಕ್ಯಾನ್ಸರ್ ಅಂತ ಬರುತ್ತೆ. ಇನ್ಮೇಲೆ ಲಸಿಕೆನೇ ಬೇಡ ಅಂತ ಮನೆಯಲ್ಲಿ ಹೇಳ್ತಿದ್ದಾರೆ. ಏನು ಮಾಡಲಿ?

ಉತ್ತರ: ಲಸಿಕೆ ಬಿಡಬೇಡಿ. ಹಾಗಂತ ಗಂಟನ್ನು ಮರೆಯಲೂಬೇಡಿ. ಚುಚ್ಚಿದ ಜಾಗದಲ್ಲಿ ಸಣ್ಣ ಊತ ಬರುವುದು ಮಾಮೂಲು. ಅದು ಬರೀ ಉರಿಯೂತ, ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗೇ ಕರಗುತ್ತದೆ. ನಿಮ್ಮದೂ ಬಹುಶಃ ಅದೇ ಇರಬೇಕು.

ಆದರೆ ನೀವು ಓದಿದ್ದು ಸುಳ್ಳೇನಲ್ಲ. 1987ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ ಬೆಕ್ಕುಗಳಿಗೆ ರೇಬಿಸ್ ಲಸಿಕೆ ಕಡ್ಡಾಯ ಮಾಡಿತು. ಆಮೇಲೆ ಅಲ್ಲಿನ ವಿಶ್ವವಿದ್ಯಾಲಯದ ಲ್ಯಾಬಿಗೆ ಬರುತ್ತಿದ್ದ ಬೆಕ್ಕಿನ ಗಡ್ಡೆಗಳಲ್ಲಿ, ಲಸಿಕೆ ಚುಚ್ಚುವ ಜಾಗದಲ್ಲೇ ಹುಟ್ಟಿದವು ಜಾಸ್ತಿಯಾಗತೊಡಗಿದವು. ಹೆಂಡ್ರಿಕ್ ಮತ್ತು ಗೋಲ್ಡ್‌ಶ್ಮಿಟ್ ಎಂಬ ಇಬ್ಬರು ತಜ್ಞರು 1991ರಲ್ಲಿ ಇದನ್ನು ಬರೆದು ತಿಳಿಸಿದರು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಗಡ್ಡೆಯ ಸುತ್ತ ಉರಿಯೂತ, ಅದರ ಜೀವಕೋಶಗಳೊಳಗೆ ಬೂದು-ಕಂದು ಬಣ್ಣದ ಏನೋ ವಸ್ತು. ಪರೀಕ್ಷಿಸಿದಾಗ ಕೆಲವದರಲ್ಲಿ ಸಿಕ್ಕಿದ್ದು ಅಲ್ಯೂಮಿನಿಯಂ. ಲಸಿಕೆ ಚೆನ್ನಾಗಿ ಕೆಲಸ ಮಾಡಲಿ ಅಂತ ಬೆರೆಸುತ್ತಿದ್ದ ಪದಾರ್ಥ ಅದು.

ಹಾಗಾದರೆ ತಪ್ಪೆಲ್ಲ ಲಸಿಕೆಯದೇನಾ? ಪೂರ್ತಿ ಹಾಗೂ ಅಲ್ಲ. ದೀರ್ಘಕಾಲ ಕೆಲಸ ಮಾಡುವ ಸ್ಟೀರಾಯ್ಡ್, ಕೆಲವು ಆಂಟಿಬಯಾಟಿಕ್ ಇಂಜೆಕ್ಷನ್‌ಗಳ ಜಾಗದಲ್ಲೂ ಇಂಥ ಗಡ್ಡೆ ಕಂಡಿದೆ. ಪೆಟ್ಟು ಬಿದ್ದ ಕಣ್ಣಿನೊಳಗೆ ವರ್ಷಗಳ ನಂತರ ಸಾರ್ಕೋಮಾ (ಇಂಥದೇ ಕ್ಯಾನ್ಸರ್ ಗಡ್ಡೆ) ಹುಟ್ಟುವುದೂ ಬೆಕ್ಕುಗಳಲ್ಲಿ ಗೊತ್ತಿರುವ ವಿಷಯ. ಉರಿಯೂತ ಆರದೇ ಉಳಿದರೆ ಕೆಲವು ಬೆಕ್ಕುಗಳಲ್ಲಿ ಗಾಯ ಮಾಯಿಸುವ ಜೀವಕೋಶಗಳೇ ದಾರಿ ತಪ್ಪುತ್ತವೆ ಅಂತ ತಜ್ಞರ ಅಂದಾಜು. ನಾಯಿಗಳಲ್ಲಿ ಇದು ತೀರಾ ಅಪರೂಪ. ಬೆಕ್ಕುಗಳಲ್ಲೂ, ಒಂದು ಅಂದಾಜಿನ ಪ್ರಕಾರ, ಲಸಿಕೆ ಹಾಕಿಸಿಕೊಂಡ 10,000ದಲ್ಲಿ 1ರಿಂದ 4ಕ್ಕೆ ಮಾತ್ರ.

ಈಗ ನಿಮ್ಮ ಗಂಟಿನ ವಿಷಯ. ಪಶುವೈದ್ಯರು 3-2-1 ಅಂತ ಒಂದು ಲೆಕ್ಕ ಇಟ್ಟುಕೊಂಡಿದ್ದಾರೆ. ಲಸಿಕೆ ಹಾಕಿ 3 ತಿಂಗಳಾದರೂ ಗಂಟು ಹೋಗದಿದ್ದರೆ, 2 ಸೆಂ.ಮೀ.ಗಿಂತ ದೊಡ್ಡದಾದರೆ, ಅಥವಾ 1 ತಿಂಗಳು ಕಳೆದ ಮೇಲೂ ಬೆಳೆಯುತ್ತಲೇ ಇದ್ದರೆ ಬಯಾಪ್ಸಿ (ಗಂಟಿನ ಚೂರು ತೆಗೆದು ಪರೀಕ್ಷೆ) ಆಗಲೇಬೇಕು. ಮೂರರಲ್ಲಿ ಒಂದಿದ್ದರೂ ಸಾಕು. ಈಗಿನ ಒಂದು ರೂಪಾಯಿ ನಾಣ್ಯದ ಅಡ್ಡಳತೆ ಸುಮಾರು 2 ಸೆಂ.ಮೀ. ಬೆಕ್ಕು ಊಟ ಮಾಡಿ ಮಲಗಿದ್ದಾಗ ಕೂದಲು ಸರಿಸಿ, ಪಕ್ಕದಲ್ಲಿ ನಾಣ್ಯ ಇಟ್ಟು ಫೋಟೋ ತೆಗೆದುಕೊಳ್ಳಿ. ವಾರಕ್ಕೊಮ್ಮೆ ಸಾಕು. ದಿನಾ ಹಿಸುಕಬೇಡಿ, ಅದಕ್ಕೂ ಕಿರಿಕಿರಿ. ಬೆರಳಿನಿಂದ ತಳ್ಳಿದರೆ ಜಾರುತ್ತದಾ, ಅಥವಾ ಕೆಳಗಿನ ಮಾಂಸಕ್ಕೆ ಅಂಟಿಕೊಂಡು ಗಟ್ಟಿಯಾಗಿದೆಯಾ ಅಂತಲೂ ಬರೆದಿಡಿ. ನೋವಿಲ್ಲ ಅಂದ ಮಾತ್ರಕ್ಕೆ ಸಮಾಧಾನಪಡುವಂತಿಲ್ಲ. ಈ ಗಡ್ಡೆಗಳು ಹೆಚ್ಚಾಗಿ ನೋಯುವುದೇ ಇಲ್ಲ.

ಜನ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. "ಚಿಕ್ಕದಿದೆ, ಸುಮ್ನೆ ತೆಗೆಸಿಬಿಡೋಣ" ಅನ್ನುತ್ತಾರೆ. ದಯವಿಟ್ಟು ಬೇಡ. ಈ ಕ್ಯಾನ್ಸರ್ ಗರಿಕೆಯ ಹಾಗೆ. ಮೇಲೆ ಕಾಣುವುದು ಒಂದು ಗುಂಡು, ಬೇರು ಸುತ್ತಲಿನ ಮಾಂಸದಲ್ಲಿ ದೂರದವರೆಗೆ ಹರಿದಿರುತ್ತದೆ. ಗಂಟಷ್ಟೇ ಕಿತ್ತರೆ ಅದೇ ಜಾಗದಲ್ಲಿ ಮತ್ತೆ ಬರುವುದೇ ಹೆಚ್ಚು, ಎರಡನೇ ಆಪರೇಷನ್ ಮೊದಲನೆಯದಕ್ಕಿಂತ ಕಷ್ಟ. ಹಾಗಾಗಿ ಮೊದಲು ಗಂಟಿನಿಂದ ಒಂದು ಚೂರು ಮಾತ್ರ ತೆಗೆದು ಪರೀಕ್ಷೆ. ಸೂಜಿಯಿಂದ ಎಳೆದ ಸ್ಯಾಂಪಲ್ ಎಷ್ಟೋ ಸಲ ಸರಿಯಾದ ಉತ್ತರ ಕೊಡುವುದಿಲ್ಲ. ಸಾರ್ಕೋಮಾ ಅಂತ ಖಚಿತವಾದರೆ ಎದೆಯ ಎಕ್ಸ್-ರೇ, ಸಾಧ್ಯವಾದರೆ ಸಿ.ಟಿ. ಸ್ಕ್ಯಾನ್. ಶ್ವಾಸಕೋಶಕ್ಕೆ ಹರಡುವುದುಂಟು. ಆಮೇಲೆ ಆಪರೇಷನ್: ಸುತ್ತ 5 ಸೆಂ.ಮೀ.ವರೆಗೆ, ಆಳದಲ್ಲೂ ಪದರಗಳ ಸಮೇತ ತೆಗೆಯಬೇಕು ಅನ್ನುತ್ತಾರೆ ಸರ್ಜನ್‌ಗಳು. ಅಷ್ಟು ಪುಟ್ಟ ಮೈಯಲ್ಲಿ 5 ಸೆಂ.ಮೀ. ಅಂದರೆ ಎಷ್ಟು ಅಂತ ನೀವೇ ಊಹಿಸಿ. ಅನುಕೂಲ ಇರುವ ಕಡೆ ಜೊತೆಗೆ ರೇಡಿಯೇಷನ್ ಕೊಡುತ್ತಾರೆ.

ಇದಕ್ಕೇ ಹೆಗಲ ನಡುವೆ ಲಸಿಕೆ ಬೇಡ ಅನ್ನುವುದು. ಅಲ್ಲಿ ಗಡ್ಡೆಯಾದರೆ ಬೆನ್ನುಮೂಳೆ ಅಡ್ಡ ಬರುತ್ತದೆ. ಕಾಲಿನ ಕೆಳಭಾಗದಲ್ಲಾದರೆ ಕಾಲನ್ನೇ ತೆಗೆದು ಜೀವ ಉಳಿಸಬಹುದು. ಕೇಳಲು ಕಷ್ಟವಾಗುತ್ತೆ, ಅಲ್ವಾ? ಆದರೆ ಮೂರು ಕಾಲಿನ ಬೆಕ್ಕು ಆರಾಮಾಗಿ ಓಡಾಡಿಕೊಂಡಿರುತ್ತದೆ. ಅಮೆರಿಕದಲ್ಲಿ ರೇಬಿಸ್ ಲಸಿಕೆಯನ್ನು ಬಲ ಹಿಂಗಾಲಿನ ಕೆಳಭಾಗಕ್ಕೆ ಹಾಕುವ ರೂಢಿ ಇದೆ. ಮುಂದಿನ ಸಲ ನಿಮ್ಮ ಡಾಕ್ಟರಿಗೂ ಹಾಗೇ ಕೇಳಿ. ಯಾವ ಕಾಲು, ಯಾವ ಲಸಿಕೆ, ಯಾವ ದಿನ ಅಂತ ಕಾರ್ಡಿನಲ್ಲಿ ಬರೆಸಿಕೊಳ್ಳಿ.

ಮನೆಯವರಿಗೆ ಇಷ್ಟು ಹೇಳಿ. ನಮ್ಮ ಬೀದಿಗಳಲ್ಲಿ ರೇಬಿಸ್ ಇನ್ನೂ ಇದೆ. ಬೆಕ್ಕಿಗೆ ಬಂದರೆ ಉಳಿಯುವುದಿಲ್ಲ, ಅದು ಕಚ್ಚಿದರೆ ನಿಮಗೂ ಅಪಾಯ. ಲಸಿಕೆ ಚುಚ್ಚಿಸುವುದನ್ನು ಕಡಿಮೆ ಮಾಡಬೇಕು ಅಂದರೆ ಬೇರೆ ದಾರಿ ಇದೆ. ಮನೆಯೊಳಗೇ ಇರುವ ದೊಡ್ಡ ಬೆಕ್ಕಿಗೆ, ಮರಿಯಿದ್ದಾಗಿನ ಡೋಸ್‌ಗಳು ಸರಿಯಾಗಿ ಆಗಿದ್ದರೆ, ಶೀತಜ್ವರ ಮತ್ತು ಪ್ಯಾನ್‌ಲ್ಯೂಕೋಪೀನಿಯಾ (ಬೆಕ್ಕುಗಳ ಒಂದು ವೈರಸ್ ರೋಗ) ಲಸಿಕೆಯನ್ನು ಪ್ರತಿವರ್ಷದ ಬದಲು 3 ವರ್ಷಕ್ಕೊಮ್ಮೆ ಕೊಡಬಹುದಾ ಅಂತ ಡಾಕ್ಟರನ್ನು ಕೇಳಿ. ರೇಬಿಸ್ ಮಾತ್ರ ಅವರು ಹೇಳಿದ ದಿನಕ್ಕೇ ಹಾಕಿಸಿ.