ವಾಲ್ವ್ ತೊಂದರೆ ಇದ್ದವರಿಗೆ ಇನ್ನೂ ಹಳೆಯ ಮಾತ್ರೆಯೇ ಏಕೆ?

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೊಸ ಮಾತ್ರೆಗಳು ಬಂದು ಹದಿನೈದು ವರ್ಷದ ಮೇಲಾಯಿತು. ಇವಕ್ಕೆ ಮತ್ತೆ ಮತ್ತೆ ರಕ್ತ ಪರೀಕ್ಷೆ ಬೇಕಿಲ್ಲ. ಸೊಪ್ಪು ಎಷ್ಟು ತಿಂದೆವು ಅಂತ ಲೆಕ್ಕ ಇಡಬೇಕಿಲ್ಲ. ಆದರೂ ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟ (ವಾಲ್ವ್) ಕಿರಿದಾಗಿ, ಬಡಿತದ ಲಯವೂ ತಪ್ಪಿದವರಿಗೆ ವೈದ್ಯರು ವಾರ್ಫರಿನ್ ಎಂಬ ಹಳೆಯ ಮಾತ್ರೆ ಅಥವಾ ಅದೇ ಗುಂಪಿನ ಇನ್ನೊಂದನ್ನು ಬರೆಯುತ್ತಾರೆ. ಯಾಕೆ?

ಚಿಕ್ಕ ವಯಸ್ಸಿನಲ್ಲಿ ಬಂದ ಗಂಟಲು ಸೋಂಕಿನಿಂದ ಕೆಲವರಿಗೆ ರುಮ್ಯಾಟಿಕ್ ಜ್ವರ ಬರುತ್ತದೆ. ಅದು ಕವಾಟವನ್ನು ಗಾಯ ಮಾಡಿ, ವರ್ಷಗಳು ಕಳೆದಂತೆ ಬಿಗಿ ಮಾಡುತ್ತದೆ. ರಕ್ತ ಸಲೀಸಾಗಿ ಕೆಳಗಿಳಿಯದೆ ಎಡಭಾಗದ ಮೇಲಿನ ಕೋಣೆ ಊದಿಕೊಳ್ಳುತ್ತದೆ. ಊದಿದ ಕೋಣೆ ಲಯ ತಪ್ಪುವುದು ಜಾಸ್ತಿ. ಆಗ ಅದು ಸರಿಯಾಗಿ ಹಿಂಡುವುದಿಲ್ಲ, ಸುಮ್ನೆ ಅದುರುತ್ತದೆ. ಇದೇ ಏಟ್ರಿಯಲ್ ಫಿಬ್ರಿಲೇಶನ್. ಕೋಣೆಗೆ ಅಂಟಿಕೊಂಡ ಒಂದು ಪುಟ್ಟ ಚೀಲವಿದೆ. ನಿಂತ ನೀರು ಪಾಚಿ ಕಟ್ಟುವ ಹಾಗೆ ಅಲ್ಲಿ ನಿಂತ ರಕ್ತ ಹೆಪ್ಪು ಕಟ್ಟುತ್ತದೆ. ಅದರ ಚೂರು ಕಳಚಿ ಮಿದುಳಿಗೆ ಹೋದರೆ ಪಾರ್ಶ್ವವಾಯು.

ಒಂದು ಕಡೆ ಹುಟ್ಟಿದ ಹೆಪ್ಪು ಹರಿದು ಇನ್ನೊಂದು ಕಡೆ ಸಿಕ್ಕಿಕೊಳ್ಳುತ್ತದೆ ಎಂದು ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಶೋ 19ನೇ ಶತಮಾನದ ನಡುವಿನಲ್ಲೇ ತೋರಿಸಿದ್ದರು. ಅಪಾಯ ಎಷ್ಟು ದೊಡ್ಡದು ಅಂತ ಅಂಕಿಯಲ್ಲಿ ಗೊತ್ತಾಗಿದ್ದು 1978ರಲ್ಲಿ, ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದಿಂದ. ಲಯ ಸರಿ ಇದ್ದವರಿಗಿಂತ ಲಯ ಮಾತ್ರ ತಪ್ಪಿದವರಲ್ಲಿ ಪಾರ್ಶ್ವವಾಯು ಐದು ಪಟ್ಟಿಗೂ ಹೆಚ್ಚು. ರುಮ್ಯಾಟಿಕ್ ಕವಾಟ ರೋಗವೂ ಇದ್ದವರಲ್ಲಿ ಸುಮಾರು ಹದಿನೇಳು ಪಟ್ಟು!

ಔಷಧಿ ಸಿಕ್ಕಿದ್ದು ಕೊಟ್ಟಿಗೆಯಿಂದ. 1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಬೂಸ್ಟು ಹಿಡಿದ ಸ್ವೀಟ್ ಕ್ಲೋವರ್ ಮೇವು ತಿಂದ ದನಗಳು ರಕ್ತ ನಿಲ್ಲದೆ ಸಾಯುತ್ತಿದ್ದವು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾರ್ಲ್ ಲಿಂಕ್ ತಂಡ ಆ ಮೇವಿನಲ್ಲಿದ್ದ ವಸ್ತುವನ್ನು ಬೇರ್ಪಡಿಸಿತು. ಅದರ ದಾರಿಯಲ್ಲೇ ಬಂದ ವಾರ್ಫರಿನ್ 1948ರಲ್ಲಿ ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂತು, 1954ರಲ್ಲಿ ಮನುಷ್ಯರಿಗೂ ಒಪ್ಪಿಗೆ ಪಡೆಯಿತು. 1960ರಲ್ಲಿ ಕೃತಕ ಕವಾಟ ಹಾಕುವುದು ಶುರುವಾದ ಮೇಲಂತೂ ಇಂಥ ಮಾತ್ರೆ ಇಲ್ಲದೆ ಆಗುತ್ತಿರಲಿಲ್ಲ. ಲೋಹದ ಕವಾಟದ ಮೇಲೂ ರಕ್ತ ಹೆಪ್ಪುಗಟ್ಟುತ್ತದಲ್ವಾ!

ನನಗೆ ಬೇಸರ ತರುವ ಭಾಗ ಮುಂದಿನದು. 1989ರಿಂದ ವಾರ್ಫರಿನ್ ಬಗ್ಗೆ ದೊಡ್ಡ ಪರೀಕ್ಷೆಗಳು ಸಾಲಾಗಿ ನಡೆದವು. ಅದು ಪಾರ್ಶ್ವವಾಯುವನ್ನು ಸುಮಾರು ಮೂರನೇ ಎರಡರಷ್ಟು ತಗ್ಗಿಸುತ್ತದೆ ಎಂದು ಗೊತ್ತಾಯಿತು. ಆದರೆ ಆ ಪರೀಕ್ಷೆಗಳಲ್ಲಿ ಇದ್ದವರು ಬಹುಪಾಲು ಕವಾಟ ರೋಗ ಇಲ್ಲದವರು. 2009ರಿಂದ ಹೊಸ ಮಾತ್ರೆಗಳ ಫಲಿತಾಂಶ ಬಂದಾಗಲೂ, ತೀವ್ರವಾಗಿ ಕಿರಿದಾದ ಮೈಟ್ರಲ್ ಕವಾಟದವರನ್ನು ಹೊರಗೇ ಇಟ್ಟಿದ್ದರು. ಅತಿ ಹೆಚ್ಚು ಅಪಾಯ ಇದ್ದವರ ಬಗ್ಗೆಯೇ ಅತಿ ಕಡಿಮೆ ಪುರಾವೆ.

ಪುರಾವೆ ಬಂದಾಗ ಉತ್ತರ ಅಚ್ಚರಿಯದಾಗಿತ್ತು. 2013ರಲ್ಲಿ ಪ್ರಕಟವಾದ ರೀ-ಅಲೈನ್ ಪರೀಕ್ಷೆಯಲ್ಲಿ ಲೋಹದ ಕವಾಟದವರಿಗೆ ಡಬಿಗಾಟ್ರಾನ್ ಎಂಬ ಹೊಸ ಮಾತ್ರೆ ಕೊಟ್ಟರು. ವಾರ್ಫರಿನ್‌ಗಿಂತ ಹೆಪ್ಪೂ ಹೆಚ್ಚು, ರಕ್ತಸ್ರಾವವೂ ಹೆಚ್ಚು. ನಡುವೆಯೇ ನಿಲ್ಲಿಸಿದರು. 2022ರ ಇನ್ವಿಕ್ಟಸ್ ಪರೀಕ್ಷೆ 24 ದೇಶಗಳಲ್ಲಿ ನಡೆಯಿತು. ರುಮ್ಯಾಟಿಕ್ ಹೃದ್ರೋಗದ ಜೊತೆ ಲಯ ತಪ್ಪಿದ ನಾಲ್ಕೂವರೆ ಸಾವಿರ ಜನ ಇದರಲ್ಲಿದ್ದರು, ಹೆಚ್ಚಿನವರು ಹೆಂಗಸರು. ರಿವರೊಕ್ಸಾಬಾನ್ ಎಂಬ ಇನ್ನೊಂದು ಹೊಸ ಮಾತ್ರೆ ತೆಗೆದುಕೊಂಡವರಿಗಿಂತ ಹಳೆಯ ಗುಂಪಿನ ಮಾತ್ರೆ ತೆಗೆದುಕೊಂಡವರಲ್ಲಿ ಸಾವು ಕಡಿಮೆಯಿತ್ತು. ರಕ್ತಸ್ರಾವವೇನೂ ಗಮನಾರ್ಹವಾಗಿ ಹೆಚ್ಚಿರಲಿಲ್ಲ.

ಎಲ್ಲ ವಾಲ್ವ್ ತೊಂದರೆಗೂ ಇದು ಅನ್ವಯಿಸುವುದಿಲ್ಲ. ಕವಾಟ ಸೋರುತ್ತಿದ್ದರೆ ಸಾಮಾನ್ಯವಾಗಿ ಹೊಸ ಮಾತ್ರೆ ನಡೆಯುತ್ತದೆ. ಪ್ರಾಣಿಗಳ ಅಂಗಾಂಶದಿಂದ ಮಾಡಿದ ಮೈಟ್ರಲ್ ಕವಾಟ ಇದ್ದು ಲಯ ತಪ್ಪಿದವರಲ್ಲಿ ರಿವರೊಕ್ಸಾಬಾನ್ ವಾರ್ಫರಿನ್‌ಗೆ ಕಡಿಮೆಯಿಲ್ಲ ಎಂದು 2020ರಲ್ಲಿ ಬ್ರೆಜಿಲ್‌ನ ಅಧ್ಯಯನ ತೋರಿಸಿತು. ಹಾಗಾಗಿ ನಿಮ್ಮದು ಯಾವ ಕವಾಟ, ಕಿರಿದಾಗಿದೆಯೋ ಸೋರುತ್ತಿದೆಯೋ ಅಂತ ವೈದ್ಯರನ್ನು ಕೇಳಿ ತಿಳಿದುಕೊಳ್ಳಿ. ಇನ್ನೊಬ್ಬರ ಮಾತ್ರೆ ನೋಡಿ ದಯವಿಟ್ಟು ನಿಮ್ಮದನ್ನು ಬದಲಿಸಬೇಡಿ.

ಹಳೆಯ ಮಾತ್ರೆ ಕೆಲಸ ಮಾಡಬೇಕಾದರೆ ಐಎನ್‌ಆರ್ ಎಂಬ ರಕ್ತ ಪರೀಕ್ಷೆಯ ಅಂಕಿ ಹದದಲ್ಲಿರಬೇಕು. ಕಿರಿದಾದ ಮೈಟ್ರಲ್ ಕವಾಟದ ಜೊತೆ ಲಯ ತಪ್ಪಿದವರಿಗೆ ಅದು 2ರಿಂದ 3. ಇನ್ವಿಕ್ಟಸ್‌ಗೆ ಸೇರುವಾಗ ಹಳೆಯ ಮಾತ್ರೆಯ ಗುಂಪಿನವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಮಾತ್ರ ಆ ಅಂಕಿ ಹದದಲ್ಲಿತ್ತು. ನಿಯಮಿತವಾಗಿ ಪರೀಕ್ಷೆ ಮಾಡುತ್ತಾ ಹೋದಾಗ ಅರ್ಧಕ್ಕಿಂತ ಹೆಚ್ಚು ಜನ ಹದಕ್ಕೆ ಬಂದರು.