ಮಜೀರ್‌ತೀನರ ದಾಯಾದಿ ಚರಿತ್ರೆ

ಸೊಮಾಲಿಯಾದ ರಾಜಕೀಯವನ್ನು ವಿವರಿಸುವವರು ಅಲ್ಲಿನ ಕುಲಗಳನ್ನು ಒಂದೊಂದು ಪಕ್ಷದಂತೆ ಎಣಿಸುವುದುಂಟು. ಈಶಾನ್ಯ ಸೊಮಾಲಿಯಾದ ಮಜೀರ್‌ತೀನ್ ಕುಲದ ಚರಿತ್ರೆಯನ್ನು ಹತ್ತಿರದಿಂದ ನೋಡಿದವರಿಗೆ ಈ ಎಣಿಕೆ ಒಪ್ಪಿಗೆಯಾಗುವುದು ಕಷ್ಟ. ಎರಡು ಸುಲ್ತಾನ ಮನೆತನಗಳನ್ನೂ ಹಲವು ಪ್ರಧಾನಿಗಳನ್ನೂ ಕೊಟ್ಟ ಈ ಕುಲದ ದೊಡ್ಡ ತಿರುವುಗಳಲ್ಲಿ ಹೊರಗಿನ ಶತ್ರುವಿನಷ್ಟೇ ಒಳಗಿನ ದಾಯಾದಿಗೂ ಪಾತ್ರವಿದೆ.

ಸೊಮಾಲಿಗಳು ವಂಶವನ್ನು ತಂದೆಯ ಕಡೆಯಿಂದ ಎಣಿಸುತ್ತಾರೆ ಮತ್ತು ಪೂರ್ವಿಕರ ಹೆಸರುಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಾರೆ. ಆ ಲೆಕ್ಕದಲ್ಲಿ ಮಜೀರ್‌ತೀನರು ದಾರೋದ್ ಮಹಾಕುಲದ ಹರ್ತಿ ಕವಲಿಗೆ ಸೇರಿದವರು. ಧುಲ್ಬಹಂತೆ ಮತ್ತು ವರ್ಸಂಗೆಲಿ ಅವರ ಸೋದರ ಕುಲಗಳು. ಮೂಲಪುರುಷ ದಾರೋದನು ಅರೇಬಿಯಾದ ಶೇಖನೊಬ್ಬನ ಮಗನೆಂಬ ಮಾತನ್ನು ವಿದ್ವಾಂಸರು ಇತಿಹಾಸವೆಂದಲ್ಲದೆ ಐತಿಹ್ಯವೆಂದೇ ಪರಿಗಣಿಸುತ್ತಾರೆ. ಕುಲದ ಒಳಗೆ ಅಧಿಕಾರ ಹೆಚ್ಚಾಗಿ ಸುತ್ತಿರುವುದು ಉಸ್ಮಾನ್ ಮಹಮೂದ್, ಉಮರ್ ಮಹಮೂದ್, ಈಸೆ ಮಹಮೂದ್ ಎಂಬ ಮೂರು ಕವಲುಗಳ ನಡುವೆ.

ಒಣ ನೆಲದಲ್ಲಿ ಒಂಟೆ, ಆಡು, ಕುರಿ ಸಾಕುವ ಈ ಜನರಿಗೆ ರಾಜ್ಯ ಕಟ್ಟುವ ಬಲ ಬಂದದ್ದು ಕಡಲಿನಿಂದ. ಕರಾವಳಿಯ ಬಂಡೆಗಳ ಮೇಲೆ ಬೆಳೆಯುವ ಮರಗಳ ತೊಗಟೆ ಗೀರಿ ತೆಗೆದ ಸುಗಂಧದ ಅಂಟು ಏಡನ್‌ಗೂ ಮುಂಬಯಿಗೂ ಹೋಗುತ್ತಿತ್ತು. ಗಾರ್ಡಾಫುಯಿ ಭೂಶಿರದ ಬಳಿ ಒಡೆದ ಹಡಗುಗಳು ಮತ್ತೊಂದು ಆದಾಯವಾಗಿದ್ದವು: ದಡಕ್ಕೆ ಬಿದ್ದ ಸರಕು ದಡದವರದೆಂಬ ರೂಢಿಯಿದ್ದುದರಿಂದ, ತಮ್ಮ ನಾವಿಕರನ್ನು ಕಾಪಾಡುವುದಕ್ಕಾಗಿ ಬ್ರಿಟಿಷರು ಸುಲ್ತಾನನಿಗೆ ವರ್ಷಾಶನ ಕೊಡಬೇಕಾಯಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಗದ್ದುಗೆಯಲ್ಲಿದ್ದವನು ಬೊಕೊರ್ ಉಸ್ಮಾನ್ ಮಹಮೂದ್. ‘ಬೊಕೊರ್’ ಎಂದರೆ ಅರಸ.

ಅವನ ಗದ್ದುಗೆಗೆ ಕಣ್ಣು ಹಾಕಿದವನು ಬಂಧುವೇ ಆದ ಯೂಸುಫ್ ಅಲಿ ಕೆನದೀದ್. ಸೋತು ಯೆಮೆನ್‌ಗೆ ಗಡೀಪಾರಾದ ಅವನು ಹದ್ರಮೌತಿನ ಬಂದೂಕುಧಾರಿಗಳೊಡನೆ ಮರಳಿ, 1870ರ ದಶಕದಲ್ಲಿ ದಕ್ಷಿಣದ ಹೊಬ್ಯೊದಲ್ಲಿ ತನ್ನದೇ ಸುಲ್ತಾನ ಪಟ್ಟ ಸ್ಥಾಪಿಸಿದನು. ಮುಂದೆ ಇಟಲಿ ಬಂದಾಗ ಇಬ್ಬರೂ ಅದನ್ನು ಪರಸ್ಪರರ ವಿರುದ್ಧ ಬಳಸಲು ಹೊರಟರು. ಕೆನದೀದ್ 1888ರ ಕೊನೆಯಲ್ಲಿ ಇಟಲಿಯ ರಕ್ಷಣೆಗೆ ಒಪ್ಪಿದನು; ಕೆಲವೇ ತಿಂಗಳಲ್ಲಿ, 1889ರಲ್ಲಿ, ಉಸ್ಮಾನನೂ ಸಹಿ ಹಾಕಿದನು. ರಕ್ಷಣೆಯ ಬೆಲೆ ತಿಳಿದದ್ದು ತಡವಾಗಿ. 1925ರಲ್ಲಿ ಇಟಲಿಯ ಗವರ್ನರ್ ದೆ ವೆಕ್ಕಿ ಸೈನ್ಯ ನುಗ್ಗಿಸಿದಾಗ ಹೊಬ್ಯೊ ಬೇಗ ಬಿದ್ದಿತು. ಉಸ್ಮಾನನ ಮಗ ಹಿರ್ಸಿ ಬೊಕೊರ್ ಸುಮಾರು ಎರಡು ವರ್ಷ ಹೋರಾಡಿದ ಮೇಲೆ, 1927ರಲ್ಲಿ ಎಲ್ಲವೂ ಮುಗಿಯಿತು.

ಕೆನದೀದ್ ಮನೆತನದ ಹೆಚ್ಚು ಬಾಳಿಕೆಯ ಕೊಡುಗೆ ಬೇರೆಯೇ ಇದೆ. ಯೂಸುಫ್ ಅಲಿಯ ಮಗ ಉಸ್ಮಾನ್ ಯೂಸುಫ್ 1920ರ ದಶಕದ ಆರಂಭದ ಸುಮಾರಿಗೆ ಸೊಮಾಲಿ ಭಾಷೆಗೆಂದೇ ಹೊಸ ಲಿಪಿಯೊಂದನ್ನು ರೂಪಿಸಿದರು. ಭಾಷೆಯ ಧ್ವನಿಗಳಿಗೆ ಚೆನ್ನಾಗಿ ಹೊಂದುವ ಆ ‘ಉಸ್ಮಾನಿಯಾ’ ಲಿಪಿ ಅಧಿಕೃತವಾಗದೆ ಉಳಿದದ್ದಕ್ಕೆ, ಅದು ಒಂದು ಕುಲದವರ ಲಿಪಿ ಎಂದು ಉಳಿದವರು ಕಂಡದ್ದೂ ಕಾರಣ. 1972ರಲ್ಲಿ ಸರ್ಕಾರ ಲ್ಯಾಟಿನ್ ಲಿಪಿಯನ್ನು ಆರಿಸಿಕೊಂಡಿತು.

1960ರ ಸ್ವಾತಂತ್ರ್ಯಾನಂತರದ ಮೊದಲ ಎರಡು ಚುನಾಯಿತ ಸರ್ಕಾರಗಳ ಪ್ರಧಾನಿಗಳಾದ ಅಬ್ದಿರಶೀದ್ ಅಲಿ ಶೆರ್ಮಾರ್ಕೆ ಮತ್ತು ಅಬ್ದಿರಿಜಾಕ್ ಹಾಜಿ ಹುಸೇನ್ ಇಬ್ಬರೂ ಮಜೀರ್‌ತೀನರು, ಇಬ್ಬರೂ ಸೊಮಾಲಿ ಯೂತ್ ಲೀಗ್ ಪಕ್ಷದವರು, ಆದರೂ ಪ್ರತಿಸ್ಪರ್ಧಿಗಳು. 1964ರಲ್ಲಿ ಶೆರ್ಮಾರ್ಕೆಯ ಸ್ಥಾನಕ್ಕೆ ಹುಸೇನ್ ಬಂದರು. 1967ರಲ್ಲಿ ಅಧ್ಯಕ್ಷರಾದ ಶೆರ್ಮಾರ್ಕೆ, ಪ್ರಧಾನಿ ಪಟ್ಟವನ್ನು ಹುಸೇನರಿಗೆ ಮುಂದುವರಿಸದೆ ಇಸಾಕ್ ಕುಲದ ಮೊಹಮ್ಮದ್ ಇಬ್ರಾಹಿಂ ಇಗಾಲ್‌ಗೆ ಕೊಟ್ಟರು. 1969ರ ಅಕ್ಟೋಬರ್ 15ರಂದು ಲಾಸ್ ಅನೋದ್‌ನಲ್ಲಿ ಶೆರ್ಮಾರ್ಕೆ ಹತ್ಯೆಯಾಯಿತು. ವಾರದೊಳಗೆ ಸಿಯಾದ್ ಬರ್ರೆಯ ಸೇನಾಡಳಿತ ಬಂದಿತು.

ಬರ್ರೆ ಕುಲಭೇದವನ್ನು ನಿಷೇಧಿಸಿದನು. ಶಿಕ್ಷೆಯನ್ನು ಮಾತ್ರ ಕುಲ ನೋಡಿಯೇ ವಿಧಿಸಿದನು. ಇಥಿಯೋಪಿಯಾದೊಡನೆ ನಡೆದ ಒಗಾದೆನ್ ಯುದ್ಧದ ಸೋಲಿನ ಬಳಿಕ 1978ರ ಏಪ್ರಿಲ್‌ನಲ್ಲಿ ಬಹುಪಾಲು ಮಜೀರ್‌ತೀನ್ ಅಧಿಕಾರಿಗಳು ನಡೆಸಿದ ದಂಗೆ ವಿಫಲವಾದಾಗ, ಬರ್ರೆಯ ಕೆಂಪು ಟೋಪಿಯ ಸೈನಿಕರು ಮುದುಗ್ ಪ್ರಾಂತದಲ್ಲಿ ಉಮರ್ ಮಹಮೂದ್ ಕವಲಿನವರ ನೀರಿನ ತೊಟ್ಟಿಗಳನ್ನು ಒಡೆದರು. ಮಳೆನೀರನ್ನು ಕೂಡಿಟ್ಟು ಬದುಕುವ ನಾಡಿನಲ್ಲಿ ಜನರೂ ದನಕರುಗಳೂ ಬಾಯಾರಿ ಸತ್ತರು. ತಪ್ಪಿಸಿಕೊಂಡ ಕರ್ನಲ್ ಅಬ್ದುಲ್ಲಾಹಿ ಯೂಸುಫ್ ಇಥಿಯೋಪಿಯಾದಿಂದ ಸಶಸ್ತ್ರ ವಿರೋಧ ಕಟ್ಟಿದರು.

ದೇಶ ಕುಸಿದ ಮೇಲೆ, 1998ರಲ್ಲಿ, ಗರೋವೆಯಲ್ಲಿ ಹಿರಿಯರು ಸೇರಿ ಸ್ವಾಯತ್ತ ಪುಂಟ್‌ಲ್ಯಾಂಡ್ ರಾಜ್ಯವನ್ನು ಘೋಷಿಸಿದರು. ಅದರ ಮೊದಲ ಅಧ್ಯಕ್ಷ ಇದೇ ಅಬ್ದುಲ್ಲಾಹಿ ಯೂಸುಫ್. 2001ರಲ್ಲಿ ಸ್ವಕುಲದವರೇ ಆದ ಜಾಮಾ ಅಲಿ ಜಾಮಾ ಆಯ್ಕೆಯಾದಾಗ ಅವರು ಒಪ್ಪದೆ, ಬಂದೂಕಿನ ಬಲದಿಂದ ಅಧಿಕಾರ ಮರಳಿ ಪಡೆದರು. 2004ರಿಂದ 2008ರವರೆಗೆ ಸೊಮಾಲಿಯಾದ ಅಧ್ಯಕ್ಷರೂ ಆದರು. ಶೆರ್ಮಾರ್ಕೆಯ ಮಗ ಉಮರ್ ಅಬ್ದಿರಶೀದ್ ಎರಡು ಬಾರಿ ಪ್ರಧಾನಿಯಾದರು.

ಪುಂಟ್‌ಲ್ಯಾಂಡಿನಲ್ಲಿ ಅಧ್ಯಕ್ಷ ಪದವಿ ಆ ಮೂರು ಕವಲುಗಳಲ್ಲಿ ಸರದಿಯಂತೆ ಸುತ್ತುವ ಅಲಿಖಿತ ರೂಢಿ ಬೆಳೆಯಿತು. 2014ರಲ್ಲಿ ಆಗ ಅಧ್ಯಕ್ಷರಾಗಿದ್ದ, ಈಸೆ ಮಹಮೂದ್ ಕವಲಿನ ಫರೋಲೆಯನ್ನು ಉಮರ್ ಮಹಮೂದ್ ಕವಲಿನ ಅಬ್ದಿವೆಲಿ ಗಾಸ್ ಒಂದೇ ಮತದಿಂದ, 33ಕ್ಕೆ 32ರಂತೆ, ಸೋಲಿಸಿದರು. 2019ರಲ್ಲಿ ಉಸ್ಮಾನ್ ಮಹಮೂದ್ ಕವಲಿನ ಸಯೀದ್ ಅಬ್ದುಲ್ಲಾಹಿ ಡೆನಿ ಬಂದರು. 2024ರ ಜನವರಿಯಲ್ಲಿ ಡೆನಿಯೇ ಮತ್ತೆ ಗೆದ್ದಾಗ ಆ ಸರದಿ ತಪ್ಪಿತು.